ಗೋಡೆಯ ಬಿರುಕಿನೊಳಗೊಂದು ಬಾಣಂತನ

(ನಮ್ಮ ವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಾಠ. ಆ ದಿನ ರೇಡಿಯೋ ಹತ್ತಿರ ಇಲ್ಲದಿದ್ದ ಮಿತ್ರರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಿದ್ದೇವೆ.)



ಎರಡು ತಿಂಗಳ ಹಿಂದೆ ಡೊಂಬಿವಲಿಯಿಂದ ಕೇಳುಗರೊಬ್ಬರು ನನಗೊಂದು ಪತ್ರ ಬರೆದಿದ್ದರು. ಹಾಡಿನ ಕೋರಿಕೆ ಇರಬಹುದೆಂದು ಬಿಡಿಸಿದರೆ, ಅದರಲ್ಲಿ ಇದ್ದದ್ದೇ ಬೇರೆ. “ನಿನ್ನೆ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಒಂದು ಪುಟ್ಟ ಬಾವಲಿ ಮನೆಯೊಳಗೆ ಬಂದು ನಾಲ್ಕು ಸುತ್ತು ಹಾಕಿ ಹೊರಟುಹೋಯಿತು. ನಮ್ಮ ಅತ್ತೆಯವರು ಇದು ಅಪಶಕುನ ಎನ್ನುತ್ತಿದ್ದಾರೆ. ಬಾಲ್ಕನಿಯ ಮೇಲಿನ ಬಿರುಕಿನಲ್ಲಿ ಇನ್ನೂ ಕೆಲವು ಇವೆ. ಸೊಸೈಟಿಯವರು ಸಿಮೆಂಟು ಹಾಕಿಸಿ ಮುಚ್ಚಿಸಿಕೊಡುತ್ತಾರಂತೆ. ಮುಚ್ಚಿಸಲೇ ಅಕ್ಕಾ?” ಎಂದು ಕೇಳಿದ್ದರು.

ಪತ್ರ ಓದಿ ನನ್ನ ಎದೆ ಧಸಕ್ಕೆಂದಿತು. ಅಪಶಕುನಕ್ಕಲ್ಲ, ಆ ಸಿಮೆಂಟಿಗೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅದೇ ದಿನ ಅವರಿಗೆ ಫೋನ್ ಮಾಡಿ, “ಒಂದೆರಡು ತಿಂಗಳು ತಡೆಯಿರಿ, ದಯವಿಟ್ಟು ಈಗಲೇ ಮುಚ್ಚಿಸಬೇಡಿ” ಎಂದೆ. ಯಾಕೆ ತಡೆಯಬೇಕು ಎಂಬುದನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲಿಗೆ ಈ ಅತಿಥಿ ಯಾರು ಎಂದು ನೋಡೋಣ.

ಬಾವಲಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಊರ ಹೊರಗಿನ ದೊಡ್ಡ ಮರ, ಅದರ ತುಂಬ ಹರಿದ ಕೊಡೆಗಳ ಹಾಗೆ ನೇತಾಡುವ ಕರಿಯ ಆಕೃತಿಗಳು. ಅವು ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ನಮ್ಮ ಬಿಲ್ಡಿಂಗಿನ ಬಿರುಕಿನಲ್ಲಿ ಇರುವುದು ಬೇರೆಯದೇ ಜೀವ. ಅದರ ಇಡೀ ಮೈ ನಿಮ್ಮ ಹೆಬ್ಬೆರಳಿನ ಗಾತ್ರ, ನಾಲ್ಕು ಸೆಂಟಿಮೀಟರಿನ ಆಸುಪಾಸು. ತೂಕ ಎರಡರಿಂದ ನಾಲ್ಕು ಗ್ರಾಂ. ಪರ್ಸಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಭಾರ. ಆದರೆ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದು ಗೇಣಿನಷ್ಟಾಗುತ್ತದೆ. ಕತ್ತಲಲ್ಲಿ ನಮಗೆ ಅದು ದೊಡ್ಡದಾಗಿ ಕಾಣುವುದು ಇದಕ್ಕೇ.

ಇದರ ಶಾಸ್ತ್ರೀಯ ಹೆಸರು ಪಿಪಿಸ್ಟ್ರೆಲಸ್ ಟೆನುಯಿಸ್. ಇಟಲಿಯ ಭಾಷೆಯಲ್ಲಿ ಬಾವಲಿಗೆ ‘ಪಿಪಿಸ್ಟ್ರೆಲ್ಲೊ’ ಎನ್ನುತ್ತಾರೆ. ಅದರ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೆ ಸಂಜೆಯ ನಂಟಿದೆ. ನಮ್ಮ ಕನ್ನಡದಲ್ಲೇನು ಹೆಸರಿಗೆ ಬಡತನವೇ? ತೊಗಲುಬಾವಲಿ ಎನ್ನುತ್ತೇವೆ, ಕಪ್ಪಡಿ, ಕಣ್ಕಪ್ಪಡಿ ಎಂಬ ಹಳೆಯ ಮಾತುಗಳೂ ನಿಘಂಟಿನಲ್ಲಿವೆ. ಭಾರತದಲ್ಲಿ ಸುಮಾರು 130 ಬಗೆಯ ಬಾವಲಿಗಳಿವೆ. ಅವುಗಳಲ್ಲಿ ತೀರ ಚಿಕ್ಕವುಗಳ ಸಾಲಿಗೆ ಸೇರಿದ್ದು ನಮ್ಮ ಈ ಪುಟ್ಟ ತೊಗಲುಬಾವಲಿ. ಮುಂಬೈಯವರಿಗೆ ಇದು ಒಂದು ರೀತಿಯಲ್ಲಿ ನೆರೆಮನೆಯದು. 1899ರಲ್ಲಿ ಆರ್. ಸಿ. ರಾಟನ್ ಎಂಬ ಅರಣ್ಯಾಧಿಕಾರಿ ಇಲ್ಲಿಂದ ಉತ್ತರಕ್ಕಿರುವ ಡಾಂಗ್ಸ್ ಕಾಡಿನಲ್ಲಿ ಸಿಕ್ಕ ಬಾವಲಿಯನ್ನು ಹೊಸ ಜಾತಿಯೆಂದು ವರ್ಣಿಸಿದ. ಅದು ಅಚ್ಚಾದದ್ದು ಇದೇ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ. ಈಗ ಅದನ್ನು ಟೆನುಯಿಸ್ ಜಾತಿಯೊಳಗೇ ಸೇರಿಸುತ್ತಾರೆ. ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ಸಂಜೆ ಹೊತ್ತು ಬೀದಿದೀಪದ ಸುತ್ತ ನೋಡಿರುವ ಪುಟ್ಟ ಬಾವಲಿ ಇದೇ ಆಗಿರಬಹುದು, ಇಲ್ಲವೇ ಇದರ ದಾಯಾದಿ ಆಗಿರಬಹುದು.

ಮೈಮೇಲೆ ಕಡುಕಂದು ಬಣ್ಣದ ಮೆತ್ತನೆಯ ಕೂದಲು, ಹೊಟ್ಟೆಯ ಕಡೆ ಸ್ವಲ್ಪ ತಿಳಿ. ಕರಿಮಣಿಯಂಥ ಎರಡು ಕಣ್ಣು. ಚಿಕ್ಕ ಕಿವಿ, ಆ ಕಿವಿಯೊಳಗೆ ಇನ್ನೊಂದು ಸಣ್ಣ ಎಸಳು. ರೆಕ್ಕೆ ಎಂದೆನಲ್ಲ, ಅದು ನಿಜಕ್ಕೂ ಕೈ. ನಮ್ಮ ಕೈಯಲ್ಲಿರುವ ಮೂಳೆಗಳೇ ಅದರಲ್ಲೂ ಇವೆ. ನಾಲ್ಕು ಬೆರಳುಗಳು ಕೊಡೆಯ ಕಡ್ಡಿಯ ಹಾಗೆ ಉದ್ದ ಬೆಳೆದಿವೆ, ಅವುಗಳ ನಡುವೆ ತೆಳ್ಳನೆಯ ತೊಗಲು ಹಬ್ಬಿದೆ. ಹೆಬ್ಬೆರಳು ಮಾತ್ರ ಬಿಡಿಯಾಗಿ ಉಳಿದು ಕೊಕ್ಕೆಯಂತೆ ಗೋಡೆ ಹಿಡಿಯಲು ನೆರವಾಗುತ್ತದೆ. ಬಾಲವನ್ನೂ ಕಾಲುಗಳನ್ನೂ ಸೇರಿಸಿ ಇನ್ನೊಂದು ತೊಗಲು ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಇನ್ನು ಇದರ ದಿನಚರಿ. ಹಗಲೆಲ್ಲ ಗೋಡೆಯ ಬಿರುಕು, ಹೆಂಚಿನ ಸಂದಿ, ಮರದ ಪೊಟರೆ, ತೊಗಟೆಯ ಅಡಿ, ಹೀಗೆ ಎಲ್ಲಾದರೂ ಕೆಲವೇ ಕೆಲವು ಒಟ್ಟಿಗೆ ಒತ್ತಿಕೊಂಡು ಮಲಗಿರುತ್ತವೆ. ಒಂದೂವರೆ ಸೆಂಟಿಮೀಟರ್ ಸಂದಿ ಸಿಕ್ಕರೆ ಅವುಗಳಿಗೆ ಅದೇ ಮಹಾದ್ವಾರ. ಸೂರ್ಯ ಮುಳುಗಿ, ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿರುವಾಗಲೇ ಹೊರಗೆ ಬರುತ್ತವೆ. ನಾವು ಆಫೀಸು ಮುಗಿಸಿ ಲೋಕಲ್ ಟ್ರೇನು ಹಿಡಿಯುವ ಹೊತ್ತಿಗೆ ಅವುಗಳ ಡ್ಯೂಟಿ ಶುರು.

ಹಾರಾಟವನ್ನು ಗಮನಿಸಿ ನೋಡಿದ್ದೀರಾ? ಹಕ್ಕಿಯಂತೆ ನೇರ ಹೋಗುವುದಿಲ್ಲ. ಎಡಕ್ಕೆ ವಾಲಿ, ಥಟ್ಟನೆ ಬಲಕ್ಕೆ ಹೊರಳಿ, ಒಂದು ಮೊಳ ಕೆಳಗಿಳಿದು, ಮತ್ತೆ ಮೇಲೇರುತ್ತದೆ. ಕುಡಿದವರ ನಡಿಗೆ ಎಂದು ನಾವು ನಗುತ್ತೇವೆ. ಆದರೆ ಆ ಒಂದೊಂದು ಹೊರಳಿನ ಹಿಂದೆಯೂ ಒಂದು ಹುಳು ಇರುತ್ತದೆ. ಸಣ್ಣ ದುಂಬಿ, ಪತಂಗ, ನೊಣ, ಸೊಳ್ಳೆ, ಮಳೆ ಬಿದ್ದ ಸಂಜೆ ಏಳುವ ರೆಕ್ಕೆಗೆದ್ದಲು, ಇವೇ ಅದರ ಊಟ.

ಕತ್ತಲಲ್ಲಿ ಇಷ್ಟು ಚಿಕ್ಕ ಹುಳು ಹೇಗೆ ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು ಒಂದೂವರೆ ಶತಮಾನವೇ ಹಿಡಿಯಿತು. 1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ವಿಜ್ಞಾನಿ, ಕಣ್ಣು ಕಾಣದ ಬಾವಲಿಯೂ ಎಲ್ಲೂ ಡಿಕ್ಕಿ ಹೊಡೆಯದೆ ಹಾರುತ್ತದೆ ಎಂದು ತೋರಿಸಿದ. ಜಿನೀವಾದ ಜುರಿನ್ ಎಂಬ ವೈದ್ಯ, ಕಿವಿ ಮುಚ್ಚಿದರೆ ಮಾತ್ರ ಅದು ದಿಕ್ಕು ತಪ್ಪುತ್ತದೆ ಎಂದು ಕಂಡುಕೊಂಡ. ಬಾವಲಿ ಕಿವಿಯಿಂದ ನೋಡುತ್ತದೆಯೇ ಎಂದು ಜನ ಗೇಲಿ ಮಾಡಿದರು. 1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ, ಅತಿ ಏರುದನಿಯನ್ನು ಹಿಡಿಯುವ ಒಂದು ಯಂತ್ರದ ಮುಂದೆ ಬಾವಲಿಗಳನ್ನು ಹಿಡಿದಾಗ ಗುಟ್ಟು ಹೊರಬಿತ್ತು. ಬಾವಲಿ ಮೌನಿಯಲ್ಲ, ಕೂಗುತ್ತಲೇ ಹಾರುತ್ತದೆ. ನಮ್ಮ ಕಿವಿಗೆ ಮಾತ್ರ ಅದು ಕೇಳಿಸುವುದಿಲ್ಲ, ಅಷ್ಟೆ.

ನಾನು ರೇಡಿಯೋದವಳು, ಆದ್ದರಿಂದ ಈ ಲೆಕ್ಕ ನನಗೆ ಇಷ್ಟ. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗೆ ಕೇಳಬಲ್ಲದು. ವಯಸ್ಸಾದಂತೆ ಅದೂ ಕಡಿಮೆಯಾಗುತ್ತದೆ. ಈ ಪುಟ್ಟ ಬಾವಲಿಯ ಕೂಗು ಇರುವುದು ಅದರ ಎರಡು ಪಟ್ಟು ಎತ್ತರದಲ್ಲಿ. ಕೂಗು ಹೋಗಿ ಹುಳುವಿಗೆ ತಗಲಿ ಮರಳಿ ಬರುವುದನ್ನು ಕೇಳಿ ಅದು ದೂರ ಅಳೆಯುತ್ತದೆ. ಒಂದೂಮುಕ್ಕಾಲು ಮೀಟರು ದೂರದ ಪತಂಗದಿಂದ ಪ್ರತಿಧ್ವನಿ ಮರಳಲು ಹಿಡಿಯುವ ಸಮಯ ಸೆಕೆಂಡಿನ ನೂರನೇ ಒಂದು ಭಾಗ! ಸುಮ್ಮನೆ ಸುತ್ತುವಾಗ ಸೆಕೆಂಡಿಗೆ ಹತ್ತರಂತೆ ಕೂಗುವ ಬಾವಲಿ, ಹುಳು ಹತ್ತಿರವಾದಂತೆ ವೇಗ ಹೆಚ್ಚಿಸುತ್ತ, ಹಿಡಿಯುವ ಗಳಿಗೆಯಲ್ಲಿ ಇನ್ನೂರರ ಹತ್ತಿರ ಮುಟ್ಟುತ್ತದೆ. ಗಾಳಿಗೆ ಮಾತು ಬಿಟ್ಟು ಮರುದನಿಗೆ ಕಾಯುವುದು ನಮ್ಮ ಕಸುಬೂ ಹೌದು. ಆದರೆ ನಿಮ್ಮ ಪತ್ರ ನನಗೆ ತಲುಪಲು ಒಂದು ವಾರ ಬೇಕು.

ಸೊಳ್ಳೆಯ ವಿಷಯ ಬಂದಾಗ ಒಂದು ಮಾತು. ಒಂದು ಬಾವಲಿ ಗಂಟೆಗೆ ಆರುನೂರು ಸೊಳ್ಳೆ ತಿನ್ನುತ್ತದೆ ಎಂದು ನೀವು ಎಲ್ಲಾದರೂ ಓದಿರಬಹುದು. 1960ರಲ್ಲಿ ಗ್ರಿಫಿನ್ ಮತ್ತು ಸಂಗಡಿಗರು ಪ್ರಯೋಗಾಲಯದ ಕೋಣೆಯೊಳಗೆ ಸಣ್ಣ ಬಾವಲಿಗಳನ್ನು ಬಿಟ್ಟು ನೋಡಿದಾಗ, ಅವು ನಿಮಿಷಕ್ಕೆ ಹತ್ತರವರೆಗೂ ಹುಳು ಹಿಡಿದವು. ಅದನ್ನೇ ಅರವತ್ತರಿಂದ ಗುಣಿಸಿ ಜನ ಆರುನೂರು ಮಾಡಿದರು. ಹೊರಗಿನ ಗಾಳಿಯಲ್ಲಿ ಸೊಳ್ಳೆಯೊಂದೇ ಇರುವುದಿಲ್ಲ, ಬಾವಲಿಯೂ ಸೊಳ್ಳೆಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಡೆಂಗಿ ತರುವ ಸೊಳ್ಳೆಯಂತೂ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಆದ್ದರಿಂದ ಬಾವಲಿ ಇದೆಯೆಂದು ಸೊಳ್ಳೆಪರದೆ ಬಿಚ್ಚಬೇಡಿ, ಕೂಲರಿನ ನೀರು ಚೆಲ್ಲುವುದನ್ನು ಮರೆಯಬೇಡಿ. ಆದರೂ ತನ್ನ ತೂಕದ ಅರ್ಧದಷ್ಟರ ತನಕ ಹುಳುಗಳನ್ನು ಒಂದೇ ರಾತ್ರಿಯಲ್ಲಿ ತಿನ್ನಬಲ್ಲ ಜೀವ ಬಾಡಿಗೆ ಕೇಳದೆ ನಮ್ಮ ಗೋಡೆಯಲ್ಲಿದ್ದರೆ, ನಷ್ಟ ಯಾರಿಗೆ?

ಈಗ ನಾನು ಹೇಳಬೇಕೆಂದಿದ್ದ ಬಾಣಂತನದ ವಿಷಯಕ್ಕೆ ಬರುತ್ತೇನೆ.

ಬಾವಲಿ ಹಕ್ಕಿಯಲ್ಲ, ಮೊಟ್ಟೆ ಇಡುವುದಿಲ್ಲ. ನಮ್ಮ ಹಾಗೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಈ ಪುಟ್ಟ ಬಾವಲಿ ಸಾಮಾನ್ಯವಾಗಿ ಹಾಕುವುದು ಎರಡು ಮರಿ. ಹೆರುವ ಹೊತ್ತಿಗೆ ತಾಯಿ ತಲೆ ಮೇಲಾಗಿ ತಿರುಗಿ, ಆಗಲೇ ಹೇಳಿದೆನಲ್ಲ, ಬಾಲದ ಆ ತೊಗಲನ್ನು ಮುಂದಕ್ಕೆ ಬಾಗಿಸಿ ಉಡಿಯ ಹಾಗೆ ಮಾಡಿಕೊಳ್ಳುತ್ತದೆ. ಮರಿ ಬೀಳುವುದು ಆ ಉಡಿಗೆ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ನಸುಗೆಂಪಿನ ಒಂದು ಜೀವ. ಆದರೆ ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ತಾಯಿಯ ಮೈಗೆ ಅಂಟಿಕೊಳ್ಳುವುದು ಗೊತ್ತು.

ತಾಯಿ ಸಂಜೆ ಬೇಟೆಗೆ ಹೋಗುತ್ತದೆ. ಮರಿಗಳು ಬಿರುಕಿನಲ್ಲೇ ಉಳಿಯುತ್ತವೆ. ಹಾಲೂಡಿಸಲು ತಾಯಿ ಮರಳಿ ಬರಬೇಕು. ಬಂದಾಗ, ಕತ್ತಲೆಯ ಆ ಸಂದಿಯಲ್ಲಿ, ತನ್ನ ಮರಿ ಯಾವುದು ಎಂದು ಅದರ ದನಿಯಿಂದಲೂ ವಾಸನೆಯಿಂದಲೂ ಗುರುತು ಹಿಡಿಯುತ್ತದೆ. ಮರಿಗಳು ತಾಯಿಯನ್ನು ಕರೆಯುವ ದನಿ ಬೇಟೆಯ ಕೂಗಿಗಿಂತ ಕೆಳಸ್ಥಾಯಿಯದು. ಅದು ಕೆಲವು ಸಲ ನಮಗೂ ಕೇಳಿಸುತ್ತದೆ. ಚಿಕ್, ಚಿಕ್ ಎಂದು, ಗಡಿಯಾರ ಕೆಟ್ಟಂತೆ.

ಮೂರು ನಾಲ್ಕು ವಾರಗಳಲ್ಲಿ ಮರಿ ರೆಕ್ಕೆ ಬಲಿತು ಹಾರಲು ಕಲಿಯುತ್ತದೆ. ಅಲ್ಲಿಯತನಕ ಅದಕ್ಕೆ ತಾಯಿ ಬೇಕು, ತಾಯಿಗೆ ಆ ಬಿರುಕಿನ ಬಾಯಿ ತೆರೆದಿರಬೇಕು. ಇದಿಷ್ಟೇ ಅವು ನಮ್ಮಲ್ಲಿ ಕೇಳುವುದು.

ಇಲಿಯಾದರೆ ಒಂದು ಸೂಲಿಗೆ ಐದಾರು, ಏಳೆಂಟು ಮರಿ ಹಾಕಿ, ಒಂದೆರಡು ವರ್ಷ ಬದುಕಿ ಹೋಗುತ್ತದೆ. ಬಾವಲಿಯ ದಾರಿ ಬೇರೆ. ಕಡಿಮೆ ಮರಿ, ಗಾತ್ರಕ್ಕೆ ಮೀರಿದ ಆಯುಸ್ಸು. ಇದರ ಯೂರೋಪಿನ ಬಂಧುವೊಂದು ಹದಿನೈದು ವರ್ಷ ದಾಟಿ ಬದುಕಿದ ದಾಖಲೆಯಿದೆ. ಹೀಗೆ ನಿಧಾನವಾಗಿ ಸಂಸಾರ ಕಟ್ಟುವ ಜೀವಕ್ಕೆ ಒಂದು ಮನೆ ಹೋದರೆ, ಆ ನಷ್ಟ ಬೇಗ ತುಂಬುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯನ್ನೇ ನೋಡಿ. ಕೋಲಾರದ ಎಲೆಮೂಗಿನ ಬಾವಲಿ ಎಂಬ ಕೀಟಾಹಾರಿ ಬಾವಲಿಗೆ 1994ರಲ್ಲಿ ಶಾಸ್ತ್ರೀಯ ಹೆಸರಿಟ್ಟರು. ಇಂದು ಜಗತ್ತಿನಲ್ಲಿ ಅದು ಉಳಿದಿರುವುದು ಗೊತ್ತಿರುವುದು ಆ ಗುಹೆಯೊಂದರಲ್ಲಿ ಮಾತ್ರ. ಇರುವ ಸಂಖ್ಯೆ ಇನ್ನೂರರ ಒಳಗೆ ಎಂಬುದು ತಜ್ಞರ ಅಂದಾಜು. ಸುತ್ತಲಿನ ಕಲ್ಲುಗಣಿಗಾರಿಕೆ ಅದರ ಪಾಲಿಗೆ ದೊಡ್ಡ ಗಂಡಾಂತರವಾಗಿತ್ತು. ನಮ್ಮ ಬಿಲ್ಡಿಂಗಿನ ಬಾವಲಿಗೆ ಅಂಥ ಗಂಡಾಂತರವಿಲ್ಲ, ಅದು ಎಲ್ಲೆಡೆ ಇದೆ ನಿಜ. ಆದರೆ ಆ ಬಿರುಕಿನಲ್ಲಿರುವ ಎರಡು ಮರಿಗಳಿಗೆ ಇರುವುದು ಅದೊಂದೇ ಮನೆ.

ಕೇಳುಗರೇ, ಇದನ್ನೆಲ್ಲ ನಾನು ಪುಸ್ತಕ ಓದಿ ಮಾತ್ರ ಕಲಿಯಲಿಲ್ಲ.

ನಾನು ಧಾರವಾಡದ ಕಡೆಯವಳು. ಚಿಕ್ಕವಳಿದ್ದಾಗ ಸಂಜೆ ಅಂಗಳದಲ್ಲಿ ಬಾವಲಿ ಸುಳಿದರೆ ಅವ್ವ, “ತಲಿ ಮುಚ್ಕೋರಿ, ಕೂದಲಕ್ಕ ಸಿಕ್ಕೊಂಡ್ರ ಬಿಡೂದಿಲ್ಲ!” ಎಂದು ನಮ್ಮನ್ನು ಒಳಗೆ ಕರೆಯುತ್ತಿದ್ದಳು. ಆ ಭಯವನ್ನು ಮುಂಬೈಗೂ ಹೊತ್ತು ತಂದಿದ್ದೆ. 2022ರಲ್ಲಿ ಮಳೆಗಾಲ ಮುಗಿದ ಮೇಲೆ ನಮ್ಮ ಬಿಲ್ಡಿಂಗಿನ ರಿಪೇರಿ ಹಿಡಿದರು. ನನ್ನ ಬಾತ್‌ರೂಮಿನ ಹೊರಗೋಡೆಯಲ್ಲಿ, ಪೈಪಿನ ಪಕ್ಕ, ಒಂದು ಬಿರುಕಿತ್ತು. ಅದರ ಕೆಳಗೆ ದಿನವೂ ಕಪ್ಪು ಹಿಕ್ಕೆ ಬೀಳುತ್ತಿತ್ತು. ಇಲಿಯ ಹಿಕ್ಕೆ ಎಂದುಕೊಂಡು ಸೊಸೈಟಿಗೆ ದೂರು ಬರೆದವಳು ನಾನೇ. ಇಲಿಯಲ್ಲ, ಬಾವಲಿ ಎಂದು ವಾಚ್‌ಮನ್ ಹೇಳಿದ. “ಹಾಗಾದರೆ ಇನ್ನೂ ಬೇಗ ಮುಚ್ಚಿಸಿ” ಎಂದೆ. ಗವಂಡಿ ಬಂದು ಮಟಮಟ ಮಧ್ಯಾಹ್ನದಲ್ಲಿ ಸಿಮೆಂಟು ಮೆತ್ತಿ ಹೋದ. ಮಧ್ಯಾಹ್ನ ಎಂದರೆ ಅವು ಮಲಗಿರುವ ಹೊತ್ತು. ಅಷ್ಟೂ ನನಗೆ ಹೊಳೆಯಲಿಲ್ಲ.

ಆ ರಾತ್ರಿ ಗೋಡೆಯೊಳಗಿಂದ ಚಿಕ್ ಚಿಕ್ ಎಂಬ ಸದ್ದು ಕೇಳಿತು. ಮರುದಿನವೂ ಕೇಳಿತು. ನಲ್ಲಿಯ ವಾಷರ್ ಹೋಗಿರಬೇಕೆಂದುಕೊಂಡೆ. ಮೂರನೇ ದಿನ ಸದ್ದು ನಿಂತಿತು, ನಾನೂ ಮರೆತೆ. ನಾಲ್ಕು ತಿಂಗಳ ಮೇಲೆ ಪೈಪು ಸೋರತೊಡಗಿದಾಗ ಪ್ಲಂಬರ್ ಆ ಸಿಮೆಂಟನ್ನು ಒಡೆದ. ಅದರೊಳಗೆ ಒಣಗಿದ ನಾಲ್ಕೈದು ಬಾವಲಿಗಳಿದ್ದವು. ಒಂದರ ಎದೆಗೆ ಎರಡು ಚಿಕ್ಕವು ಕಚ್ಚಿಕೊಂಡೇ ಇದ್ದವು. ಅವುಗಳ ಮೈಯಲ್ಲಿ ಕೂದಲೂ ಸರಿಯಾಗಿ ಬಂದಿರಲಿಲ್ಲ.

ದನಿಯನ್ನೇ ನಂಬಿ ಅನ್ನ ತಿನ್ನುವವಳು ನಾನು. ಸ್ಟುಡಿಯೋದಲ್ಲಿ ಕಾಗದ ಸರಿದ ಸದ್ದನ್ನೂ ಗುರುತಿಸುತ್ತೇನೆ. ಎರಡು ದಿನ ನನ್ನ ಗೋಡೆಯಲ್ಲಿ ಕೂಗಿದ ದನಿಯನ್ನು ನಲ್ಲಿಯ ಸದ್ದು ಎಂದುಕೊಂಡೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಡೊಂಬಿವಲಿಯ ಪತ್ರ ಬಂದ ಮೇಲೆ, ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು.

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು ಹೇಳುತ್ತೇನೆ.

ಬಾವಲಿ ಮನೆಯೊಳಗೆ ಬಂದರೆ ಮೊದಲು ಫ್ಯಾನ್ ನಿಲ್ಲಿಸಿ. ದೀಪ ಆರಿಸಿ, ಕಿಟಕಿ ಬಾಗಿಲು ಪೂರ್ತಿ ತೆಗೆದು ಸುಮ್ಮನಿರಿ. ಹುಳುವಿನ ಬೆನ್ನು ಹತ್ತಿ ದಾರಿ ತಪ್ಪಿ ಬಂದದ್ದು, ಸ್ವಲ್ಪ ಹೊತ್ತಿನಲ್ಲಿ ತಾನೇ ಹೋಗುತ್ತದೆ. ಅದು ನಿಮ್ಮ ಕೂದಲಿಗೆ ಸಿಕ್ಕಿಕೊಳ್ಳುವುದಿಲ್ಲ, ಸೊಳ್ಳೆಯಷ್ಟು ಸಣ್ಣದನ್ನು ಗುರುತಿಸುವ ಜೀವಕ್ಕೆ ನಿಮ್ಮ ತಲೆ ಗೊತ್ತಾಗದೆ?

ನೆಲಕ್ಕೆ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಬಟ್ಟೆಯಿಂದ ಅಥವಾ ಡಬ್ಬಿಯಿಂದ ಎತ್ತಿ, ಎತ್ತರದ ಜಾಗದಲ್ಲಿ ಬಿಡಿ. ಅಕಸ್ಮಾತ್ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಆ ದಿನವೇ ಡಾಕ್ಟರ ಹತ್ತಿರ ಹೋಗಿ. ಯಾವ ಕಾಡುಪ್ರಾಣಿ ಕಚ್ಚಿದರೂ ಇದೇ ನಿಯಮ. ನಿಪಾ ಜ್ವರದ ಸುದ್ದಿ ಕೇಳಿ ಹೆದರಿದವರಿಗೆ ಒಂದು ಮಾತು: ಆ ವೈರಾಣುವಿನ ನಂಟಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಜೊತೆ.

ಹಿಕ್ಕೆ ಇಲಿಯದೋ ಬಾವಲಿಯದೋ ತಿಳಿಯಬೇಕೆ? ಒಂದು ಕಡ್ಡಿಯಿಂದ ಒತ್ತಿ ನೋಡಿ. ಇಲಿಯದು ಗಟ್ಟಿ. ಬಾವಲಿಯದು ಪುಡಿಪುಡಿಯಾಗಿ, ಹುಳುವಿನ ರೆಕ್ಕೆಯ ಚೂರುಗಳು ಮಿಣಮಿಣ ಹೊಳೆಯುತ್ತವೆ. ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ ಗುಡಿಸಿ.

ಬಿರುಕು ಮುಚ್ಚಲೇಬೇಕಾದರೆ, ಮೊದಲು ನಾಲ್ಕಾರು ಸಂಜೆ ಕೆಳಗೆ ನಿಂತು ನೋಡಿ. ದೊಡ್ಡವು ಹಾರಿಹೋದ ಮೇಲೂ ಒಳಗಿಂದ ಚಿಕ್ ಚಿಕ್ ಕೇಳಿಸಿದರೆ ಮರಿಗಳಿವೆ ಎಂದೇ ಅರ್ಥ. ಈ ಬಾವಲಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುವುದರಿಂದ, ಇಂಥ ತಿಂಗಳು ಮುಚ್ಚಿದರೆ ದೋಷವಿಲ್ಲ ಎಂದು ಪಂಚಾಂಗ ನೋಡಿ ಹೇಳಲು ಬರುವುದಿಲ್ಲ. ಆರೇಳು ವಾರ ತಡೆಯಿರಿ. ಸದ್ದು ನಿಂತು, ಮರಿಗಳೂ ಹಾರತೊಡಗಿದ ಮೇಲೆ, ಬಿರುಕಿನ ಮೇಲ್ಗಡೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೆಳಗೆ ಸಡಿಲ ಬಿಡಿ. ಒಳಗಿರುವವು ಜಾರಿ ಹೊರಗೆ ಬರುತ್ತವೆ, ಮರಳಿ ಹೋಗಲು ದಾರಿ ಸಿಗುವುದಿಲ್ಲ. ಒಂದು ವಾರ ಕಳೆದು, ಯಾವುದೂ ಹೊರಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಗವಂಡಿಯನ್ನು ಕರೆಯಿರಿ. ತೊಂದರೆ ಕೊಡದ ಜಾಗದಲ್ಲಿರುವ ಬಿರುಕಾದರೆ, ಹಾಗೇ ಬಿಟ್ಟುಬಿಡಿ.

ಅಪಶಕುನದ ಮಾತಿಗೆ ಏನು ಹೇಳಲಿ? ಆ ಅತ್ತೆಯವರ ಜೊತೆಗೂ ನಾನು ಫೋನಿನಲ್ಲಿ ಮಾತಾಡಿದೆ. “ಅಮ್ಮಾ, ಅದು ಬಾಣಂತಿ. ಎರಡು ಕೂಸು ಒಳಗೆ ಬಿಟ್ಟು ಬಂದಿದೆ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬಾಣಂತಿ ಅಂದಮೇಲೆ ಏಳಿಸಬಾರದು ಬಿಡಮ್ಮಾ” ಎಂದರು.

ಕಳೆದ ವಾರ ಡೊಂಬಿವಲಿಯಿಂದ ಇನ್ನೊಂದು ಪತ್ರ ಬಂತು. ಈಗ ದಿನಾ ಸಂಜೆ ಅತ್ತೆ ಸೊಸೆ ಇಬ್ಬರೂ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಮೊದಮೊದಲು ಬಿರುಕಿನಿಂದ ನಾಲ್ಕು ಬಾವಲಿ ಹೊರಗೆ ಬರುತ್ತಿದ್ದವು, ಈಗ ಅತ್ತೆಯವರ ಎಣಿಕೆಗೆ ಒಂಬತ್ತು ಸಿಕ್ಕಿವೆ. ಸೊಸೆಯ ಎಣಿಕೆಗೆ ಎಂಟು. ಜಗಳ ಇನ್ನೂ ತೀರಿಲ್ಲ ಎಂದು ಬರೆದಿದ್ದಾರೆ.

ಇವತ್ತು ಸಂಜೆ ನೀವೂ ಹತ್ತು ನಿಮಿಷ ನಿಮ್ಮ ಕಿಟಕಿಯ ಹತ್ತಿರ ನಿಂತು ನೋಡಿ. ಎಷ್ಟು ಕಂಡವು ಎಂದು ನನಗೊಂದು ಕಾಗದ ಬರೆಯಿರಿ. ಮುಂದಿನ ವಾರ ಓದುತ್ತೇನೆ.